ಚಾವಣಿಯ ಸೋಲಾರ್ ಕರೆಂಟು: ಮಾರಿದರೆ ಮೂರು ರೂಪಾಯಿ, ಉಳಿಸಿದರೆ ಆರೂಮುಕ್ಕಾಲು

ಮನೆ ಮೇಲೆ ಸೋಲಾರ್ ಹಾಕಿಸಿ, ಮಿಕ್ಕ ಕರೆಂಟು ಮಾರಿ, ತಿಂಗಳು ತಿಂಗಳು ಆದಾಯ ಪಡೆಯಿರಿ ಎಂಬ ಜಾಹೀರಾತುಗಳು ಮೈಸೂರು, ಮಂಡ್ಯದಲ್ಲಿ ಈಗ ಯಾರ ಕಣ್ಣಿಗೂ ಹೊಸದಲ್ಲ. ಕೇಂದ್ರ ಸರ್ಕಾರ 78,000 ರೂಪಾಯಿವರೆಗೆ ಸಬ್ಸಿಡಿ ಕೊಡುತ್ತಿದೆ. ಇನ್ನೊಂದು ಕಡೆ, ಹೊಸ ಚಾವಣಿ ಘಟಕಗಳಿಂದ ಕೊಳ್ಳುವ ಕರೆಂಟಿನ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ವರ್ಷದಿಂದ ವರ್ಷಕ್ಕೆ ಇಳಿಸುತ್ತಾ ಬಂದಿದೆ. ಇವೆರಡರ ಮಧ್ಯೆ ಗೃಹಜ್ಯೋತಿಯ ಶೂನ್ಯ ಬಿಲ್ಲು. ಒಂದು ಸರ್ಕಾರ ಹಾಕಿಸು ಎನ್ನುತ್ತದೆ, ಆಯೋಗ ಬೆಲೆ ಇಳಿಸುತ್ತದೆ, ಮತ್ತೊಂದು ಸರ್ಕಾರ ಬಿಲ್ಲೇ ಕಟ್ಟಬೇಡ ಎನ್ನುತ್ತದೆ. ಜನ ಗೊಂದಲಗೊಂಡರೆ ಆಶ್ಚರ್ಯವಿಲ್ಲ.

ಚಾವಣಿ ಸೋಲಾರ್ ಕರ್ನಾಟಕದಲ್ಲಿ ಈಗ ಮಾರಾಟದ ವ್ಯವಹಾರವಾಗಿ ಉಳಿದಿಲ್ಲ. ಅದು ಬಿಲ್ಲು ತಗ್ಗಿಸುವ ಉಪಾಯ. ಈ ವ್ಯತ್ಯಾಸ ತಿಳಿಯದೆ ದೊಡ್ಡ ಘಟಕ ಹಾಕಿಸಿದವರು ನಷ್ಟಕ್ಕೆ ಬೀಳುತ್ತಾರೆ. ಸೋಲಾರ್ ವ್ಯರ್ಥ ಎಂದು ಕೈಬಿಟ್ಟ ಕೆಲವರು ಸಿಗಬೇಕಾದ ಲಾಭ ಕಳೆದುಕೊಳ್ಳುತ್ತಾರೆ.

ಒಂದು ಮೀಟರ್, ಎರಡು ದರ

ನೆಟ್ ಮೀಟರಿಂಗ್ ಎಂದರೆ ಎರಡೂ ದಿಕ್ಕಿನ ಹರಿವನ್ನು ಬೇರೆ ಬೇರೆಯಾಗಿ ದಾಖಲಿಸುವ ಮೀಟರು. ಹಗಲು ಪ್ಯಾನೆಲ್ ತಯಾರಿಸಿದ್ದರಲ್ಲಿ ಮನೆ ಬಳಸಿ ಉಳಿದದ್ದು ಲೈನಿಗೆ ಹೋಗುತ್ತದೆ, ಅದು ರಫ್ತು. ಸಂಜೆ ಆರರ ನಂತರ ಲೈನಿನಿಂದ ಮನೆಗೆ ಬರುವುದು ಆಮದು. ತಿಂಗಳ ಕೊನೆಗೆ ಆಮದಿನಿಂದ ರಫ್ತನ್ನು ಕಳೆಯುತ್ತಾರೆ. ಆಮದು ಹೆಚ್ಚಿದ್ದರೆ ವ್ಯತ್ಯಾಸಕ್ಕೆ ನೀವು ಸಾಮಾನ್ಯ ದರದಲ್ಲಿ ಬಿಲ್ಲು ಕಟ್ಟುತ್ತೀರಿ. ರಫ್ತು ಹೆಚ್ಚಿದ್ದರೆ, ಆ ಹೆಚ್ಚುವರಿಗೆ ಮಾತ್ರ ವಿದ್ಯುತ್ ನಿಗಮ ಒಪ್ಪಂದದ ದರದಲ್ಲಿ ಹಣ ಕೊಡುತ್ತದೆ. ಮೈಸೂರು, ಮಂಡ್ಯ ಜಿಲ್ಲೆಗಳಿಗೆ ಆ ನಿಗಮ ಎಂದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್.

ಆಮದಿಗೆ ಸರಿದೂಗಿಸಿದ ಪ್ರತಿ ಯುನಿಟ್ಟು ನೀವು ಕೊಳ್ಳದೇ ಉಳಿಸಿದ ಯುನಿಟ್ಟು. 2025-26ರ ದರಪಟ್ಟಿಯಲ್ಲಿ ಗೃಹಬಳಕೆಯ ಕರೆಂಟು ಯುನಿಟ್ಟಿಗೆ 5 ರೂ. 80 ಪೈಸೆ. ಅದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್ 36 ಪೈಸೆ, ಶೇ 9ರಷ್ಟು ವಿದ್ಯುತ್ ತೆರಿಗೆ. ಎಲ್ಲ ಸೇರಿ ಹತ್ತಿರ ಹತ್ತಿರ 6 ರೂ. 70 ಪೈಸೆ. ಮಾರಿದ ಯುನಿಟ್ಟಿಗಾದರೋ, ಸಬ್ಸಿಡಿ ಪಡೆದ ಹೊಸ ಸಣ್ಣ ಘಟಕಕ್ಕೆ ಸಿಗುವುದು ಮೂರು ರೂಪಾಯಿಗಿಂತ ಕಡಿಮೆ. ಸಬ್ಸಿಡಿ ಪಡೆಯದಿದ್ದರೆ ನಾಲ್ಕು ರೂಪಾಯಿಯ ಆಸುಪಾಸು. ಸಬ್ಸಿಡಿ ಪಡೆದ ಒಂದೇ ಪ್ಯಾನೆಲ್ಲಿನಿಂದ ಬಂದ ಒಂದೇ ಯುನಿಟ್ಟು, ಮನೆಯ ಬಳಕೆಗೆ ಸರಿಹೋದರೆ ಮಾರಾಟದ ಎರಡು ಪಟ್ಟಿಗೂ ಹೆಚ್ಚು ಬೆಲೆ ಬಾಳುತ್ತದೆ.

ನಿಗದಿತ ಶುಲ್ಕ ಇದಕ್ಕೆ ಹೊರತು. 2025-26ರ ದರಪಟ್ಟಿಯಲ್ಲಿ ಅದು ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ 145 ರೂಪಾಯಿ. ಅದು ಪ್ರತಿ ತಿಂಗಳೂ ಬರುತ್ತದೆ, ನೀವು ಎಷ್ಟೇ ಕರೆಂಟು ತಯಾರಿಸಿದರೂ. ಸೋಲಾರ್ ಹಾಕಿದ ಮೇಲೂ ಬಿಲ್ಲು ಬಂತೆಂದು ಹೇಳುವವರಲ್ಲಿ ಬಹಳಷ್ಟು ಜನ ನೋಡಿರುವುದು ಈ ಸಾಲನ್ನೇ.

ಒಂಬತ್ತೂವರೆ ರೂಪಾಯಿ ಹೋದದ್ದೆಲ್ಲಿಗೆ

ಕರೆಂಟು ಮಾರಿ ಆದಾಯ ಎಂಬ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 2013ರಲ್ಲಿ ಆಯೋಗ ಚಾವಣಿ ಘಟಕಗಳಿಗೆ ನಿಗದಿ ಮಾಡಿದ ದರ ಯುನಿಟ್ಟಿಗೆ 9 ರೂ. 56 ಪೈಸೆ, ಸಬ್ಸಿಡಿ ಪಡೆದವರಿಗೆ 7 ರೂ. 20 ಪೈಸೆ. ಆಗ ಮನೆಯವರು ಕೊಳ್ಳುತ್ತಿದ್ದ ದರಕ್ಕಿಂತ ಮಾರುವ ದರವೇ ಹೆಚ್ಚು. ಹಾಗಾಗಿ ಖಾಲಿ ಇದ್ದಷ್ಟೂ ಚಾವಣಿಯನ್ನು ತುಂಬಿಸುವುದೇ ಜಾಣತನವಾಗಿತ್ತು. 2016ರಲ್ಲಿ 10 ಕಿಲೋವ್ಯಾಟ್ ಒಳಗಿನ ಘಟಕಗಳಿಗೆ ಅದು 7 ರೂ. 8 ಪೈಸೆಗೆ ಇಳಿಯಿತು. 2018-19ರ ಹೊತ್ತಿಗೆ ನಾಲ್ಕು ರೂಪಾಯಿಯ ಮಟ್ಟಕ್ಕೆ ಬಂತು.

ಇಳಿಕೆಯ ಮೂಲ ಪ್ಯಾನೆಲ್ ಬೆಲೆ ಕುಸಿದದ್ದು. ಘಟಕದ ಖರ್ಚು, ಬಡ್ಡಿ, ನಿರ್ವಹಣೆ, ಒಂದಿಷ್ಟು ಪ್ರತಿಫಲ ಇವನ್ನು 25 ವರ್ಷಕ್ಕೆ ಹರಡಿ ಆಯೋಗ ದರ ಕಟ್ಟುತ್ತದೆ. ಖರ್ಚು ಇಳಿದರೆ ದರ ಇಳಿಯುತ್ತದೆ, ಸಬ್ಸಿಡಿ ಸಿಕ್ಕಿದ್ದರೆ ಅಷ್ಟನ್ನೂ ಕಳೆಯುತ್ತದೆ. ದರ ಒಮ್ಮೆ ಒಪ್ಪಂದಕ್ಕೆ ಸೇರಿದರೆ 25 ವರ್ಷ ಅದೇ. ಪಕ್ಕದ ಬೀದಿಯವರಿಗೆ ಯುನಿಟ್ಟಿಗೆ ಒಂಬತ್ತೂವರೆ ಬರುತ್ತಿದೆ, ನಮಗೇಕೆ ಇಲ್ಲ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ: ಅವರ ಒಪ್ಪಂದದ ವರ್ಷ ಬೇರೆ.

ಮೂರು ಮನೆಗಳ ಲೆಕ್ಕ

ನಮ್ಮ ಭಾಗದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯುನಿಟ್, ತಿಂಗಳಿಗೆ 120 ಯುನಿಟ್ ಕೊಡುತ್ತದೆ. ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಇದರ ಮೇಲೆ ಲೆಕ್ಕ ಹಾಕೋಣ.

ಮೊದಲನೆಯದು ಮೈಸೂರಿನ ಕುವೆಂಪುನಗರದಂಥ ಬಡಾವಣೆಯಲ್ಲಿ ತಿಂಗಳಿಗೆ 350 ಯುನಿಟ್ ಬಳಸುವ ಮನೆ. ಗೃಹಜ್ಯೋತಿ ಇಲ್ಲ, ಏಕೆಂದರೆ ಸರಾಸರಿ 200 ದಾಟಿದೆ. 3 ಕಿಲೋವ್ಯಾಟ್ ಹಾಕಿದರೆ ಬರುವುದು 360 ಯುನಿಟ್. ತಿಂಗಳಿಗೆ ಉಳಿತಾಯ ಸುಮಾರು 2,340 ರೂಪಾಯಿ, ವರ್ಷಕ್ಕೆ 28,000. ಘಟಕಕ್ಕೆ 1.9 ಲಕ್ಷ ಖರ್ಚು ಎಂದಿಟ್ಟುಕೊಂಡರೆ, 78,000 ಸಬ್ಸಿಡಿ ಕಳೆದು ಕೈಯಿಂದ ಹೋಗುವುದು 1.12 ಲಕ್ಷ. ನಾಲ್ಕು ವರ್ಷದಲ್ಲಿ ವಾಪಸು.

ಎರಡನೆಯದೂ ಅದೇ 350 ಯುನಿಟ್ಟಿನ ಮನೆ. ಆದರೆ ಆದಾಯದ ಆಸೆಗೆ 5 ಕಿಲೋವ್ಯಾಟ್ ಹಾಕಿಸಿದೆ. ಸಬ್ಸಿಡಿ 3 ಕಿಲೋವ್ಯಾಟಿಗೇ ನಿಲ್ಲುವುದರಿಂದ ಮೇಲಿನ 2 ಕಿಲೋವ್ಯಾಟಿನ ಸುಮಾರು 1 ಲಕ್ಷ ಪೂರ್ತಿ ಸ್ವಂತ ದುಡ್ಡು. ಅದು ಕೊಡುವ 240 ಯುನಿಟ್ಟೆಲ್ಲ ಮಾರಾಟಕ್ಕೆ. ಮೂರು ರೂಪಾಯಿಯಂತೆ ಹಿಡಿದರೆ ತಿಂಗಳಿಗೆ 720, ವರ್ಷಕ್ಕೆ 8,640. ಆ ಲಕ್ಷ ಮರಳಲು ಹನ್ನೊಂದೂವರೆ ವರ್ಷ ಬೇಕು. ಅಷ್ಟರೊಳಗೆ ಇನ್ವರ್ಟರ್, ಅಂದರೆ ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಹೊಂದುವಂತೆ ಮಾರ್ಪಡಿಸುವ ಪೆಟ್ಟಿಗೆ, ಬದಲಿಸುವ ಖರ್ಚು ಬಂದರೂ ಬಂತು. ಪ್ಯಾನೆಲ್ 25 ವರ್ಷ ಬಾಳಿದರೂ ಇನ್ವರ್ಟರಿನ ಆಯಸ್ಸು ಹತ್ತು ವರ್ಷದ ಆಚೀಚೆ.

ಮೂರನೆಯದು ಮದ್ದೂರು ಅಥವಾ ಪಾಂಡವಪುರದ ಕಡೆಯ ಹಳ್ಳಿಮನೆ. ಬಳಕೆ 150 ಯುನಿಟ್, ಗೃಹಜ್ಯೋತಿಯಿಂದ ಬಿಲ್ಲು ಶೂನ್ಯ. 2 ಕಿಲೋವ್ಯಾಟ್ ಹಾಕಿದರೆ 240 ಯುನಿಟ್ ಬರುತ್ತದೆ. ಆದರೆ ಮೀಟರಿನ ಲೆಕ್ಕದಲ್ಲಿ ಮನೆಯ 150 ಮೊದಲು ಕಳೆದುಹೋಗಿ ಮಾರಾಟಕ್ಕೆ ಉಳಿಯುವುದು 90. ಎರಡೂವರೆ ರೂಪಾಯಿಯಂತೆ ತಿಂಗಳಿಗೆ 225 ರೂಪಾಯಿ. ಘಟಕದ ಖರ್ಚು 1.3 ಲಕ್ಷ, ಸಬ್ಸಿಡಿ 60,000, ಕೈಯಿಂದ 70,000. ಅದು ಮರಳಲು 26 ವರ್ಷ, ಪ್ಯಾನೆಲ್ಲಿನ ಆಯಸ್ಸಿಗಿಂತ ಹೆಚ್ಚು.

ಋತುವಿನ ಲೆಕ್ಕವೂ ಇದೆ, ಇದನ್ನು ಮಾರಾಟಗಾರರು ಹೇಳುವುದು ಅಪರೂಪ. ತೀರುವಳಿ ತಿಂಗಳು ತಿಂಗಳಿಗೆ ಆಗುವುದರಿಂದ ಬೇಸಿಗೆಯಲ್ಲಿ ಮಿಕ್ಕ ಯುನಿಟ್ಟನ್ನು ಮಳೆಗಾಲಕ್ಕೆ ಕೂಡಿಡಲಾಗದು. 3 ಕಿಲೋವ್ಯಾಟ್ ಘಟಕ ಮಾರ್ಚಿನಲ್ಲಿ 430 ಯುನಿಟ್ ಕೊಟ್ಟು, ಜುಲೈನ ಮೋಡದಲ್ಲಿ 290ಕ್ಕೆ ಇಳಿಯಿತು ಎನ್ನಿ. 350 ಬಳಸುವ ಮನೆ ಮಾರ್ಚಿನ 80 ಯುನಿಟ್ಟನ್ನು ಮೂರರ ಲೆಕ್ಕದಲ್ಲಿ ಮಾರಿ, ಜುಲೈನಲ್ಲಿ 60 ಯುನಿಟ್ಟನ್ನು ಆರೂಮುಕ್ಕಾಲರ ಲೆಕ್ಕದಲ್ಲಿ ಕೊಳ್ಳುತ್ತದೆ. ಆದ್ದರಿಂದ ವರ್ಷದ ಸರಾಸರಿ ಬಳಕೆಗಿಂತ ತುಸು ಚಿಕ್ಕ ಘಟಕವೇ ಲಾಭದಾಯಕ. ಹನ್ನೆರಡು ತಿಂಗಳ ಬಿಲ್ಲು ಮುಂದಿಟ್ಟುಕೊಂಡು, ಅತಿ ಕಡಿಮೆ ಬಳಸಿದ ತಿಂಗಳು ಎಷ್ಟಿತ್ತು ಎಂದು ನೋಡಿ ಗಾತ್ರ ತೀರ್ಮಾನಿಸಬೇಕು.

ಎರಡು ಉಚಿತಗಳ ಘರ್ಷಣೆ

2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಹೆಸರಲ್ಲೇ ಉಚಿತ ವಿದ್ಯುತ್ ಎನ್ನುತ್ತದೆ. 300 ಯುನಿಟ್ ಉಚಿತ ಎಂಬುದರ ಅರ್ಥ ಸರ್ಕಾರ ಅಷ್ಟು ಕರೆಂಟು ಕೊಡುತ್ತದೆ ಎಂದಲ್ಲ. ನಿಮ್ಮ ಪ್ಯಾನೆಲ್ ಸುಮಾರು ಅಷ್ಟು ತಯಾರಿಸುತ್ತದೆ ಎಂದು. ಮೊದಲ 2 ಕಿಲೋವ್ಯಾಟಿಗೆ ತಲಾ 30,000, ಮೂರನೆಯದಕ್ಕೆ 18,000. ಸರ್ಕಾರದ ಕೊಡುಗೆ ಅಲ್ಲಿಗೆ ಮುಗಿಯಿತು.

ಗೃಹಜ್ಯೋತಿ 2023ರ ಜುಲೈ ಬಳಕೆಯಿಂದ ಜಾರಿಗೆ ಬಂದದ್ದು. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯುನಿಟ್ ಮಿತಿಯೊಳಗೆ ಬಿಲ್ಲನ್ನು ರಾಜ್ಯ ಸರ್ಕಾರ ಭರಿಸುತ್ತದೆ. ಮಂಡ್ಯದ ಹಳ್ಳಿಗಳಲ್ಲಿ ಬಹುಪಾಲು ಮನೆಗಳ ಬಳಕೆ ಇದರೊಳಗೇ ಬರುತ್ತದೆ. ಅಂಥ ಮನೆಗೆ ಉಳಿಸಲು ಬಿಲ್ಲೇ ಇಲ್ಲ. ಅದು ಪ್ಯಾನೆಲ್ ಹಾಕಿದರೆ ಉಳಿತಾಯವಾಗುವುದು ರಾಜ್ಯದ ಖಜಾನೆಗೆ, ಖರ್ಚಾಗುವುದು ಮನೆಯವರಿಗೆ. ಮೂರನೆಯ ಮನೆಯನ್ನೇ ನೋಡಿ. ಅದು ತಾನೇ ತಯಾರಿಸಿ ಬಳಸಿದ 150 ಯುನಿಟ್ಟಿನಿಂದ ಸರ್ಕಾರಕ್ಕೆ ತಿಂಗಳಿಗೆ 900 ರೂಪಾಯಿಗೂ ಹೆಚ್ಚು ಮಿಗುತ್ತದೆ, ಮನೆಗೆ ಸಿಗುವುದು 225.

ಇದು ಸರಿಪಡಿಸಬಹುದಾದ ದೋಷ. ಸೋಲಾರ್ ಹಾಕಿಸಿದ ಗೃಹಜ್ಯೋತಿ ಮನೆಗೆ, ಸರ್ಕಾರಕ್ಕೆ ಉಳಿದ ಸಹಾಯಧನದಲ್ಲಿ ಅರ್ಧವನ್ನಾದರೂ ಕೆಲವು ವರ್ಷ ಕೊಟ್ಟರೆ ಹಳ್ಳಿಯ ಲೆಕ್ಕವೇ ಬದಲಾಗುತ್ತದೆ, ಖಜಾನೆಗೂ ನಷ್ಟವಿಲ್ಲ. ಅಲ್ಲಿಯವರೆಗೆ ಶೂನ್ಯ ಬಿಲ್ಲಿನ ಮನೆಯವರಿಗೆ ಸಾಲ ಮಾಡಿಸಿ ಪ್ಯಾನೆಲ್ ಹಾಕಿಸುವುದು ನ್ಯಾಯವಲ್ಲ. ಹಾಕಿಸಲೇಬೇಕೆಂದಿದ್ದರೆ, ನಿಮ್ಮ ಆರ್‌ಆರ್ ಸಂಖ್ಯೆಗೆ (ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ) ಗೃಹಜ್ಯೋತಿ ಹೇಗೆ ಅನ್ವಯವಾಗುತ್ತದೆ ಎಂಬುದನ್ನು ಉಪವಿಭಾಗದ ಕಚೇರಿಯಿಂದ ಮೊದಲೇ ಲಿಖಿತವಾಗಿ ಪಡೆಯಿರಿ.

ನಿಗಮದ ವಾದ, ಮನೆಯವರ ವಾದ

ವಿದ್ಯುತ್ ನಿಗಮಗಳ ವಾದ ಹೀಗಿದೆ. ಪಾವಗಡದಂಥ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ಗಳು ಬಂದ ಮೇಲೆ ರಾಜ್ಯದಲ್ಲಿ ಮಧ್ಯಾಹ್ನದ ಕರೆಂಟಿಗೆ ಅಷ್ಟು ಕೊರತೆಯಿಲ್ಲ. ಕೊರತೆ ಇರುವುದು ಸಂಜೆ. ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಸಂಜೆಯ ದರ ಗರಿಷ್ಠ ಮಿತಿಯಾದ 10 ರೂಪಾಯಿ ಮುಟ್ಟುವ ದಿನಗಳಿವೆ. ನೆಟ್ ಮೀಟರ್ ಮನೆ ಅಗ್ಗದ ಮಧ್ಯಾಹ್ನದ ಯುನಿಟ್ ಕೊಟ್ಟು ದುಬಾರಿ ಸಂಜೆಯ ಯುನಿಟ್ಟನ್ನು ಸಮಸಮ ಪಡೆಯುತ್ತದೆ. ಲೈನು, ಟ್ರಾನ್ಸ್‌ಫಾರ್ಮರ್, ಸಿಬ್ಬಂದಿಯ ಖರ್ಚು ಮಾತ್ರ ಉಳಿದ ಗ್ರಾಹಕರ ಮೇಲೆ ಬೀಳುತ್ತದೆ. ಹೆಚ್ಚು ಬಿಲ್ಲು ಕಟ್ಟುವ ಮನೆಗಳೇ ಮೊದಲು ಸೋಲಾರಿಗೆ ಹೋಗುವುದರಿಂದ ಹೊಡೆತ ಜೋರು.

ಮನೆಯವರ ವಾದದಲ್ಲೂ ಹುರುಳಿದೆ. ಮೈಸೂರಿನ ಸರಸ್ವತಿಪುರಂನ ಚಾವಣಿಯಲ್ಲಿ ಹುಟ್ಟಿದ ಯುನಿಟ್ಟು ಪಕ್ಕದ ಮನೆಯಲ್ಲೇ ಖರ್ಚಾಗುತ್ತದೆ. ಪಾವಗಡದಿಂದ ತರುವಾಗ ಆಗುವ ಸಾಗಣೆ ನಷ್ಟ ಇಲ್ಲಿಲ್ಲ. ಒಂದೆಕರೆ ಜಮೀನೂ ಬೇಕಿಲ್ಲ, ಬಂಡವಾಳ ಮನೆಯವರದೇ. ಪಕ್ಕದ ಮನೆಗೆ ಅದೇ ಯುನಿಟ್ಟನ್ನು ನಿಗಮ ಮಾರುವುದು ಪೂರ್ತಿ ದರಕ್ಕೆ. ಮೇಲಾಗಿ ನವೀಕರಿಸಬಹುದಾದ ವಿದ್ಯುತ್ ಖರೀದಿಯ ಕಡ್ಡಾಯ ಗುರಿಯಲ್ಲಿ ಚದುರಿದ ಸಣ್ಣ ಘಟಕಗಳಿಗೆಂದೇ ಕೇಂದ್ರ ಸರ್ಕಾರ 2024-25ರಿಂದ ಪ್ರತ್ಯೇಕ ಪಾಲು ಇಟ್ಟಿದೆ, ಅದನ್ನು ಮುಟ್ಟಲು ನಿಗಮಕ್ಕೆ ಈ ಚಾವಣಿಗಳು ಬೇಕು.

ಎರಡನ್ನೂ ತೂಗಿದರೆ, ಮಿಕ್ಕಿದ ಯುನಿಟ್ಟಿಗೆ ಕಡಿಮೆ ದರ ಕೊಡುವುದಕ್ಕೆ ಸಮರ್ಥನೆಯಿದೆ. ಸರಿದೂಗಿಸುವ ಹಕ್ಕನ್ನೇ ಸಣ್ಣ ಮನೆಗಳಿಂದ ಕಿತ್ತುಕೊಳ್ಳುವುದಕ್ಕೆ ಇಲ್ಲ.

ಲೈನಿನ ಕೊನೆಯಲ್ಲಿ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದಂದಿನಿಂದ ನಮ್ಮ ಜಾಲವನ್ನು ಕಟ್ಟಿರುವುದು ಒಂದೇ ದಿಕ್ಕಿನ ಹರಿವಿಗೆ, ಉತ್ಪಾದನೆಯ ಕಡೆಯಿಂದ ಬಳಕೆಯ ಕಡೆಗೆ. ಚಾವಣಿ ಸೋಲಾರ್ ಅದನ್ನು ಹಗಲಲ್ಲಿ ತಿರುಗಿಸುತ್ತದೆ.

ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ರೈತರಿಗೆ ನೀರು ಹೇಗೋ, ಉದ್ದದ ಲೈನಿನ ಕೊನೆಮನೆಗೆ ವೋಲ್ಟೇಜ್ ಹಾಗೆ, ತಲುಪುವಷ್ಟರಲ್ಲಿ ಸೊರಗಿರುತ್ತದೆ. ಅದಕ್ಕೆಂದೇ ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ವೋಲ್ಟೇಜ್ ಹೊಂದಿಸುವ ಮೆಟ್ಟಿಲು) ಏರಿಸಿ 240 ವೋಲ್ಟ್ ಮೇಲಿಟ್ಟಿರುವುದುಂಟು. ಈಗ ಕೊನೆಮನೆ ಮಧ್ಯಾಹ್ನ 5 ಕಿಲೋವ್ಯಾಟ್ ಹೊರತಳ್ಳಿದರೆ ಸಿಂಗಲ್ ಫೇಸಿನಲ್ಲಿ ಸುಮಾರು 22 ಆಂಪಿಯರ್. ಅರ್ಧ ಕಿಲೋಮೀಟರ್ ರ‍್ಯಾಬಿಟ್ ಎಂಬ ಅಲ್ಯುಮಿನಿಯಂ ತಂತಿಯಲ್ಲಿ, ಹೋಗಿ ಬರುವ ದಾರಿ ಸೇರಿ, ಪ್ರತಿರೋಧ ಅರ್ಧ ಓಮ್ ದಾಟುತ್ತದೆ. ವೋಲ್ಟೇಜ್ 12ರಷ್ಟು ಏರುತ್ತದೆ. 242 ಇದ್ದದ್ದು 254. ಸುರಕ್ಷತಾ ನಿಯಮದಂತೆ 230ರ ಶೇ 110, ಅಂದರೆ 253 ವೋಲ್ಟ್ ದಾಟಿದರೆ ಇನ್ವರ್ಟರ್ ಎರಡು ಸೆಕೆಂಡಿನೊಳಗೆ ಕೈಬಿಡಬೇಕು. ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲೇ ಘಟಕ ಮತ್ತೆ ಮತ್ತೆ ನಿಲ್ಲುತ್ತದೆ. ಅಕ್ಕಪಕ್ಕದಲ್ಲಿ ಬಳಕೆ ಕಡಿಮೆ ಇರುವ ದಿನ ಇದು ಇನ್ನೂ ಹೆಚ್ಚು.

ಬಹಳ ಜನ ಇದನ್ನು ಪ್ಯಾನೆಲ್ ದೋಷವೆಂದು ತಿಳಿದು ಪೂರೈಕೆದಾರರ ಹಿಂದೆ ಅಲೆಯುತ್ತಾರೆ. ಇನ್ವರ್ಟರಿನ ಆ್ಯಪ್‌ನಲ್ಲಿ ದೋಷದ ಪಟ್ಟಿ ತೆಗೆದು ನೋಡಿ. ಓವರ್ ವೋಲ್ಟೇಜ್ ಎಂದಿದ್ದರೆ, ಸಮಯ ಮತ್ತು ವೋಲ್ಟೇಜ್ ಸಹಿತ ಮುದ್ರಿಸಿ ಶಾಖಾ ಕಚೇರಿಗೆ ಕೊಡಿ, ಸಹಾಯವಾಣಿ 1912ಕ್ಕೂ ದೂರು ದಾಖಲಿಸಿ. ಪರಿಹಾರ ಇರುವುದು ಟ್ಯಾಪ್ ಒಂದು ಮೆಟ್ಟಿಲು ಇಳಿಸುವುದರಲ್ಲಿ, ಮೂರು ಫೇಸುಗಳಿಗೆ ಮನೆಗಳನ್ನು ಸಮವಾಗಿ ಹಂಚುವುದರಲ್ಲಿ ಅಥವಾ ತ್ರೀ ಫೇಸ್ ಇನ್ವರ್ಟರಿನಲ್ಲಿ. ಇನ್ವರ್ಟರಿನ ಮಿತಿಯನ್ನು 270ಕ್ಕೆ ಏರಿಸಿಕೊಡುತ್ತೇವೆ ಎನ್ನುವ ತಂತ್ರಜ್ಞರ ಮಾತು ಕೇಳಬೇಡಿ. ಆ ಏರು ವೋಲ್ಟೇಜ್ ನಿಮ್ಮ ಮತ್ತು ಪಕ್ಕದವರ ಫ್ರಿಜ್, ಟಿವಿಗಳನ್ನು ಸುಡುತ್ತದೆ.

ಕರೆಂಟು ಹೋದಾಗ ಸೋಲಾರೂ ನಿಲ್ಲುವುದು ಇನ್ನೊಂದು ಗೊಂದಲ. ಲೈನ್ ಸತ್ತಿದೆಯೆಂದು ಕಂಬ ಹತ್ತಿದ ಲೈನ್‌ಮ್ಯಾನ್ ನಿಮ್ಮ ಪ್ಯಾನೆಲ್ಲಿನ ಕರೆಂಟಿನಿಂದ ಸಾಯಬಾರದು, ಅದಕ್ಕೇ ಈ ವ್ಯವಸ್ಥೆ. ಮನೆಯಲ್ಲಿ ಈಗಾಗಲೇ ಇರುವ ಯುಪಿಎಸ್ ಬ್ಯಾಟರಿಗೂ ಇದಕ್ಕೂ ಸಂಬಂಧವಿಲ್ಲ. ಕತ್ತಲಲ್ಲೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು, ಖರ್ಚು ಬಹಳ ಏರುತ್ತದೆ. ಹಗಲು ಗಂಟೆಗಟ್ಟಲೆ ಕರೆಂಟು ಹೋಗುವ ಊರಾದರೆ ಆ ಗಂಟೆಗಳ ಉತ್ಪಾದನೆ ಪೂರ್ತಿ ನಷ್ಟ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿ.

ಅರ್ಜಿಯಿಂದ ಮೀಟರಿನವರೆಗೆ

ಮೊದಲು ಆರ್‌ಆರ್ ಸಂಖ್ಯೆ ಯಾರ ಹೆಸರಲ್ಲಿದೆ ನೋಡಿ. ತೀರಿಕೊಂಡ ಅಜ್ಜನ ಹೆಸರಲ್ಲಿ ಬಿಲ್ಲು ಬರುವ ಮನೆಗಳು ನಮ್ಮಲ್ಲಿ ಎಷ್ಟೋ. ಅರ್ಜಿ, ಬ್ಯಾಂಕ್ ಖಾತೆ, ಬಿಲ್ಲಿನ ಹೆಸರು ಹೊಂದದಿದ್ದರೆ ಸಬ್ಸಿಡಿ ಸಿಕ್ಕಿಕೊಳ್ಳುತ್ತದೆ. ಹೆಸರು ಬದಲಾವಣೆ ಮುಗಿಸಿಯೇ ಸೂರ್ಯಘರ್ ಯೋಜನೆಯ ರಾಷ್ಟ್ರೀಯ ಪೋರ್ಟಲಿನಲ್ಲಿ ನೋಂದಾಯಿಸಿ. ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ 2024ರ ತಿದ್ದುಪಡಿ ನಿಯಮದ ಪ್ರಕಾರ 10 ಕಿಲೋವ್ಯಾಟ್‌ವರೆಗೆ ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನ ಬೇಕಿಲ್ಲ, ಅರ್ಜಿ ಒಪ್ಪಿಗೆಯಾದಂತೆಯೇ. ಘಟಕ ಮುಗಿದ ಮೇಲೆ ಚಾಲನೆಗೆ ನಿಗಮಕ್ಕೆ 15 ದಿನದ ಗಡುವು. 5 ಕಿಲೋವ್ಯಾಟ್‌ವರೆಗೆ ಲೈನ್ ಬಲಪಡಿಸುವ ಖರ್ಚೂ ನಿಗಮದ್ದೇ.

ಸಬ್ಸಿಡಿಗೆ ಸ್ವದೇಶಿ ಸೆಲ್‌ಗಳಿಂದ ಮಾಡಿದ ಸ್ವದೇಶಿ ಪ್ಯಾನೆಲ್ ಕಡ್ಡಾಯ. ಕೊಟೇಷನ್‌ನಲ್ಲಿ ಅದನ್ನು ಬರೆಸಿಕೊಳ್ಳಿ. 540 ವ್ಯಾಟಿನ 6 ಪ್ಯಾನೆಲ್ ಸೇರಿ 3 ಕಿಲೋವ್ಯಾಟ್ ದಾಟುತ್ತದೆ. ನಮ್ಮ ಅಕ್ಷಾಂಶಕ್ಕೆ ದಕ್ಷಿಣಕ್ಕೆ 10ರಿಂದ 15 ಡಿಗ್ರಿ ಓರೆ ಸಾಕು. ಸಿಡಿಲು ನಿರೋಧಕಕ್ಕೂ ಉಪಕರಣಗಳಿಗೂ ಬೇರೆ ಬೇರೆ ಅರ್ಥಿಂಗ್ ಗುಂಡಿ ಇರಬೇಕು, ಒಂದೇ ಗುಂಡಿಗೆ ಎಲ್ಲವನ್ನೂ ಕಟ್ಟಲು ಬಿಡಬೇಡಿ. ಬೇರೆ ಬೇರೆ ಕಂಪನಿಯ ಕನೆಕ್ಟರ್‌ಗಳನ್ನು ಜೋಡಿಸಿದರೆ ಅಲ್ಲಿ ಬಿಸಿ ಹುಟ್ಟಿ ಕರಗುತ್ತವೆ. ಪಕ್ಕದ ತೆಂಗಿನ ಗರಿಯ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗುತ್ತದೆ. ಆಲೆಮನೆಯ ಹೊಗೆ ಬರುವ ಕಡೆ ಮಸಿ ಕೂರುತ್ತದೆ, ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ತಂಪಿನಲ್ಲಿ ತೊಳೆಯಿರಿ. ಗಡಸು ಬೋರ್‌ವೆಲ್ ನೀರನ್ನು ಹಾಗೇ ಒಣಗಲು ಬಿಟ್ಟರೆ ಬಿಳಿ ಪೊರೆ ಕಟ್ಟುತ್ತದೆ, ರಬ್ಬರ್ ಒರೆಸುಕೋಲಿನಿಂದ ಎಳೆದುಬಿಡಿ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ: ದ್ವಿಮುಖ ಮೀಟರ್ ಬರುವವರೆಗೆ ಇನ್ವರ್ಟರ್ ಚಾಲೂ ಮಾಡಬೇಡಿ. ಅನೇಕ ಹಳೆಯ ಎಲೆಕ್ಟ್ರಾನಿಕ್ ಮೀಟರ್‌ಗಳು ಹರಿವಿನ ದಿಕ್ಕು ನೋಡುವುದಿಲ್ಲ. ನೀವು ಹೊರಗೆ ಕಳಿಸಿದ್ದನ್ನೂ ಬಳಕೆಯೆಂದೇ ಕೂಡಿಸುತ್ತವೆ. ಕರೆಂಟು ಕೊಟ್ಟು ಬಿಲ್ಲೂ ಕಟ್ಟಿದಂತಾಗುತ್ತದೆ.

ಹೊಸ ಮೀಟರ್ ಬಂದ ಮೇಲೆ ಮೊದಲ ಮೂರು ತಿಂಗಳು ಆಮದು, ರಫ್ತು ಎರಡೂ ಅಂಕಿಗಳ ಫೋಟೊ ತೆಗೆದಿಟ್ಟು ಬಿಲ್ಲಿನ ಜೊತೆ ತಾಳೆ ನೋಡಿ. ರಫ್ತಿನ ಓದು ಬಿಟ್ಟುಹೋಗುವುದು ಸಾಮಾನ್ಯ ತಪ್ಪು. ಮೀಟರ್ ಮೇಲೇ ಅನುಮಾನವಿದ್ದರೆ, ದೂರು ಕೊಟ್ಟ 5 ದಿನದೊಳಗೆ ನಿಗಮ ಪರೀಕ್ಷಾ ಮೀಟರ್ ಜೋಡಿಸಿ ಕನಿಷ್ಠ 3 ತಿಂಗಳು ಹೋಲಿಸಬೇಕೆಂದು ಅದೇ 2024ರ ನಿಯಮ ಹೇಳುತ್ತದೆ. ಸ್ಥಳೀಯ ಕಚೇರಿಯಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ.

ಮುಂದೆ ಬದಲಾಗಬಹುದಾದದ್ದು

ಸೂರ್ಯಘರ್ ಯೋಜನೆಯ ಅವಧಿ 2026-27ರವರೆಗೆ. ಅದಕ್ಕಿಂತ ದೊಡ್ಡ ಬದಲಾವಣೆ ಸಮಯಾಧಾರಿತ ದರದಿಂದ ಬರಬಹುದು. 2023ರ ಕೇಂದ್ರ ನಿಯಮ ಸ್ಮಾರ್ಟ್ ಮೀಟರ್ ಇರುವ ಗ್ರಾಹಕರಿಗೆ, ಕೃಷಿ ಬಿಟ್ಟು, ಹಗಲಿಗೊಂದು ಸಂಜೆಗೊಂದು ದರ ಇರಬೇಕೆನ್ನುತ್ತದೆ. ಬಿಸಿಲಿನ ಗಂಟೆಗಳಲ್ಲಿ ಅಗ್ಗ, ಸಂಜೆ ದುಬಾರಿ. ಇದು ಮನೆಗಳಿಗೂ ಬಂದು, ಹಗಲಿನ ರಫ್ತನ್ನು ಹಗಲಿನ ಆಮದಿಗೆ ಮಾತ್ರ ಸರಿದೂಗಿಸುವ ಪದ್ಧತಿ ಜೊತೆಗೂಡಿದರೆ, ಇಂದಿನ ನಾಲ್ಕು ವರ್ಷದ ವಾಪಸಾತಿ ಲೆಕ್ಕ ಉದ್ದವಾಗುತ್ತದೆ. ಆಗ ವಾಷಿಂಗ್ ಮಷಿನ್, ನೀರೆತ್ತುವ ಮೋಟಾರು, ಗೀಸರ್, ಸ್ಕೂಟರ್ ಚಾರ್ಜಿಂಗ್ ಎಲ್ಲವನ್ನೂ ಹತ್ತರಿಂದ ಮೂರು ಗಂಟೆಯ ನಡುವೆ ನಡೆಸುವ ಮನೆಗೇ ಲಾಭ. ಈಗ ಆ ಕಟ್ಟುಪಾಡಿಲ್ಲ, ತಿಂಗಳ ಒಟ್ಟು ಲೆಕ್ಕವಾದ್ದರಿಂದ ಯಾವ ಹೊತ್ತಿಗೆ ಬಳಸಿದರೂ ಒಂದೇ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನೋಡಬೇಕಾದ ಸಾಲುಗಳು ಮೂರು: ಮಿಕ್ಕ ಯುನಿಟ್ಟಿನ ದರ ಎಷ್ಟು ಎಂದು ಅಂಕಿಯಲ್ಲಿ ಬರೆದಿದೆಯೇ, ಅವಧಿ 25 ವರ್ಷವೇ, ತೀರುವಳಿ ಪ್ರತಿ ತಿಂಗಳೇ. ಪೂರೈಕೆದಾರರು ಬಾಯಿಮಾತಲ್ಲಿ ಹೇಳಿದ ದರ ಆ ಕಾಗದದಲ್ಲಿ ಇರದಿದ್ದರೆ, ನಿಗಮ ಕೊಡುವುದು ಕಾಗದದಲ್ಲಿರುವುದನ್ನೇ.